ನಲವತ್ತಮೂರು ನಡೆ

"ನೋಡಪ್ಪ, ಸರಿಯಾಗಿ ಆಡಿದ್ರೆ ನಲವತ್ತಮೂರು ನಡೆಗೆ ಬಿಳಿ ಗೆಲ್ಲುತ್ತೆ. ನೀನು ಹೇಳ್ತಿದ್ದಿದ್ದೇ ಸರಿ!" ಮಗಳು ಫೋನನ್ನು ದರ್ಜಿಯ ಮೂಗಿಗೇ ಹಿಡಿದಳು.

ಹೊಲಿಗೆ ಯಂತ್ರದ ಪಕ್ಕದ ಚೆಸ್ ಬೋರ್ಡಿನಲ್ಲಿ ಎರಡು ರಾಜ, ಎರಡು ಆನೆ, ಕಳೆದುಹೋದ ಬಿಳಿ ಕಾಲಾಳಿನ ಬದಲು ಒಂದು ಕೋಟಿನ ಗುಂಡಿ. ಗೆಲುವೆಂದು ಅವನ ವಾದ, ಡ್ರಾ ಎಂದು ಭಾವನ ಹಟ. ಅಕ್ಕ ತೀರಿಕೊಂಡ ಮೇಲೂ ಭಾವ ಆರು ವರ್ಷದಿಂದ ದಿನಾ ಬರುತ್ತಿದ್ದುದು ಈ ಜಗಳಕ್ಕೇ.

ಮೆಟ್ಟಿಲಲ್ಲಿ ಊರುಗೋಲಿನ ಸದ್ದಾಯಿತು. ದರ್ಜಿ ಫೋನನ್ನು ಬಟ್ಟೆ ಚೂರುಗಳಡಿ ತಳ್ಳಿದ.

"ಮಗಳು ಫೋನಲ್ಲಿ ನೋಡ್ತೀನಿ ಅಂದಿದ್ಲಲ್ಲ, ಏನಂತೆ?" ಎಂದರು ಭಾವ.

"ಅದಕ್ಕೂ ತಲೆಬುಡ ಗೊತ್ತಾಗ್ಲಿಲ್ಲ ಭಾವ."

ಭಾವ ಕುರ್ಚಿ ಎಳೆದುಕೊಂಡು, ಅವನ ಮುಖ ನೋಡದೆ ಗುಂಡಿಯನ್ನು ಅದರ ಮನೆಯಲ್ಲಿ ನೇರವಾಗಿ ಕೂರಿಸಿದರು.

"ಹೋದ ವರ್ಷ ನನ್ನ ಫೋನಿಗೂ ಗೊತ್ತಾಗಿರ್ಲಿಲ್ಲ ಕಣೋ. ಹೂಂ, ಆಡು."