ದುರ್ಬೀನು ಸಾಹೇಬನ ಡ್ರೈವರ್ ಕೆಲಸ

ಚಷ್ಮಾ ಮೂಗಿನ ತುದಿಗೆ ಇಳಿಸಿಕೊಂಡು ಸಂಗಮನಾಥ ಗೇಣುದ್ದದ ಮಿಲಿಟರಿ ಟ್ರಕ್ಕಿನೊಳಗೆ ಇಣುಕಿದ. ಸ್ಟೇರಿಂಗ್ ಇತ್ತು, ಗೇರ್ ಇತ್ತು, ಸೀಟಿನ ಮೇಲೆ ಹೊಲಿಗೆಯ ಗೆರೆ ಕೂಡ ಇತ್ತು. ಕೂತವನು ಮಾತ್ರ ಯಾರೂ ಇರಲಿಲ್ಲ.

“ಡ್ರೈವರ್ ಎಲ್ಲಿ ಅದಾನೋ?”

ಶಹಾಪುರದ ಬಸ್ ನಿಲ್ದಾಣದ ಎದುರು ಗಡಿಯಾರ ರಿಪೇರಿ ಮಾಡುವ ತೌಫೀಕನಿಗೆ ಇಂಥ ಪುಟಾಣಿ ಗಾಡಿ ಜೋಡಿಸುವ ಹುಚ್ಚು. ಬಿಡಿಭಾಗದ ಡಬ್ಬಿಯೊಳಗೆ ಡ್ರೈವರ್ ಗೊಂಬೆ ಬಂದೇ ಇಲ್ಲ ಕಾಕಾ, ಎಂದ. ಮತ್ತೆ ಬಂದವರು ಯಾರಪ್ಪಾ ಅಂದರೆ, ದುರ್ಬೀನು ಹಿಡಿದು ನಿಂತ ಒಬ್ಬ ಸಾಹೇಬ, ಬಂದೂಕು ಹಿಡಿದು ಬೋರಲು ಮಲಗಿದ ಇಬ್ಬರು ಸಿಪಾಯಿಗಳು, ಒಂದು ನಾಯಿ.

ನಾಯಿ ಎಂದದ್ದೇ ತಡ, ಸಂಗಮನಾಥನ ಪಿತ್ತ ನೆತ್ತಿಗೇರಿತು. “ನಾಯಿನ್ನ ಮರೀಲಿಲ್ಲ, ಡ್ರೈವರ್‌ನ್ನ ಮರತಾರ. ಗಾಡಿ ನಾಯಿ ಹೊಡಕೊಂಡು ಬಂತೇನು?”

ಅವನ ಸಿಟ್ಟಿಗೆ ಕಾರಣವಿತ್ತು. ಇಪ್ಪತ್ತೆರಡು ವರ್ಷ ಮಿಲಿಟರಿ ಟ್ರಕ್ ಹೊಡೆದ ಜೀವ ಅದು. ಕೊನೆಯ ನಾಲ್ಕು ವರ್ಷ ಪಕ್ಕದ ಸೀಟಿನಲ್ಲಿ ಕೂತವರು ಸುರಪುರದ ಸುಬೇದಾರ ಭೀಮಾಶಂಕರ. ಗಾಡಿ ಎಲ್ಲಿ ನಿಂತರೂ ಸುಬೇದಾರರು ಜಿಗಿದಿಳಿದು ಬಂಪರಿನ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುವರು. ಗಡಿಯ ಹಿಮದ ಥಂಡಿಯಲ್ಲಿ ಇಂಜಿನ್ ಬಂದ್ ಮಾಡಿದರೆ ಮತ್ತೆ ಶುರುವಾಗದು ಎಂದು ಸಂಗಮನಾಥ ಒಳಗೇ ಕೂರುವನು. ಹೀಗಾಗಿ ಅವನ ಇಡೀ ನೌಕರಿಗೆ ಮನೆಯಲ್ಲಿ ಉಳಿದ ಸಾಕ್ಷಿ ಒಂದೇ ಫೋಟೋ, ಅದರಲ್ಲಿ ಕಿಟಕಿಯಿಂದ ಹೊರಬಂದ ಒಂದು ಮೊಳಕೈ. ಬೀಗರು ಬಂದಾಗಲೆಲ್ಲ ಹೆಂಡತಿ ಗೊಲ್ಲಾಳಮ್ಮ ಅದನ್ನು ಹೊರಗೆ ತಂದು, ನಮ್ಮ ಮನಿಯವರ ಮೊಳಕೈ ನೋಡ್ರಿ ಎಂದು ತೋರಿಸುತ್ತಾಳೆ. ಎಲ್ಲರೂ ನಗುತ್ತಾರೆ, ಅವನೂ ನಗುತ್ತಾನೆ, ಆದರೆ ಒಳಗೆ ಚುರುಕ್ ಎನ್ನುತ್ತದೆ.

ಈಗ ಅದೇ ಸುಬೇದಾರರು ಮಾಜಿ ಸೈನಿಕರ ಸಂಘದ ಅಧ್ಯಕ್ಷರು. ಯಾದಗಿರಿಯ ಹೊಸ ಆಫೀಸಿನ ಗಾಜಿನ ಕಪಾಟಿಗೆಂದು ಈ ಟ್ರಕ್ ಮಾಡಿಸುತ್ತಿದ್ದರು, ಬಂಪರಿನ ಮುಂದೆ ಸಾಹೇಬ ನಿಂತಿರಬೇಕು ಎಂದು ತಾಕೀತು ಬೇರೆ ಮಾಡಿದ್ದರು. ಟ್ರಕ್ ತಂದುಕೊಡುವ ಕೆಲಸ ಸಂಗಮನಾಥನಿಗೆ ಬಿದ್ದಿತ್ತು. ಇಲ್ಲಿಯೂ ತಾನು ಕಾಣದೆ ಹೋದರೆ, ನಾಳೆ ಸತ್ತ ಮೇಲೆ ತಾನು ಗಾಡಿ ಹೊಡೆದೆನೆಂದು ಯಾರು ನಂಬುತ್ತಾರೆ?

ಡ್ರೈವರ್ ಗೊಂಬೆ ಬೇರೆ ತರಿಸಲು ಹತ್ತು ದಿನ ಬೇಕು, ಉದ್ಘಾಟನೆ ಭಾನುವಾರ ಅದ, ಎಂದ ತೌಫೀಕ್. ಸಿಪಾಯಿಗಳನ್ನು ಎಬ್ಬಿಸಿ ಕೂರಿಸೋಣವೆಂದರೆ ಬಂದೂಕು ಎದೆಗೇ ಅಂಟಿಕೊಂಡಿದೆ. ಉಳಿದವನು ಸಾಹೇಬ ಒಬ್ಬನೇ. ದುರ್ಬೀನು ಕಿತ್ತು ಕೈ ತುಸು ಕೆಳಗಿಳಿಸಿದರೆ ಆ ಎರಡು ಮುಷ್ಟಿ ಸ್ಟೇರಿಂಗಿಗೆ ಹೇಳಿ ಮಾಡಿಸಿದ ಹಾಗಿವೆ.

ಸಂಗಮನಾಥ ಸಾಹೇಬನನ್ನು ಎರಡು ಬೆರಳಲ್ಲಿ ಎತ್ತಿ ಮುಖ ನೋಡಿದ. ಕೊಯ್ಯಿ, ಎಂದ.

ತೌಫೀಕ್ ಸಾಹೇಬನ ಸೊಂಟ ಕೊಯ್ದ, ಮೊಣಕಾಲು ಕೊಯ್ದ, ಮಡಚಿ ಅಂಟಿಸಿದ. ಸೀಟಿನಲ್ಲಿ ಇಟ್ಟರೆ ತಲೆ ಚಾವಣಿಗೆ ಬಡಿಯಿತು. ಕೂತ ಗೊಂಬೆಗಳದ್ದು ಯಾವಾಗಲೂ ಇದೇ ಗೋಳು.

“ಕುಂಡಿ ಅರ್ಧಾ ಕೆರೀಬೇಕಾಗ್ತದ, ಕಾಕಾ.”

“ಕೆರಿ. ಖುರ್ಚಿ ಮ್ಯಾಲ ಕುಂತು ಕುಂತು ಬೆಳದದ್ದದು.”

ಕೂರುವ ಭಂಗಿ ತೋರಿಸಲು ಸಂಗಮನಾಥ ಸ್ಟೂಲಿನ ಮೇಲೆ ಎದೆ ಸೆಟೆಸಿ ಕೂತ. ಗಡಿಯಾರ ತಂದ ಗಿರಾಕಿಗಳು ಈ ಮುದುಕನಿಗೇನು ಬಡಿದಿದೆ ಎಂದು ನಿಂತು ನೋಡಿದರು. ಅವನು ಕದಲಲಿಲ್ಲ. ಮೊಳಕೈ ಒಳಗೇ ಇರಲಿ, ಮುಖ ಕಿಟಕಿಯ ಕಡೆಗೆ ಇರಲಿ ಎಂದು ಹೇಳಿಕೊಟ್ಟ. ತೌಫೀಕ್ ಗೊಂಬೆಯ ಪರದೇಶಿ ಕೆಂಪು ಮುಖಕ್ಕೆ ಹದವಾಗಿ ಹುರಿದ ಶೇಂಗಾದ ಬಣ್ಣ ಬಳಿದ.

ಭಾನುವಾರ ಯಾದಗಿರಿಯಲ್ಲಿ ಸುಬೇದಾರರು ಹತ್ತಾರು ಜನರ ಎದುರು ಟ್ರಕ್ಕಿನ ಮೇಲಿನ ಬಟ್ಟೆ ಸರಿಸಿದರು. ಸಿಪಾಯಿಗಳಿದ್ದರು, ನಾಯಿ ಇತ್ತು. ಬಂಪರಿನ ಮುಂದೆ ಖಾಲಿ ಜಾಗ. ಸಾಹೇಬ ಎಲ್ಲಿ ಎಂದು ಗುಡುಗಿದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ, ಜೊತೆಗೆ ಬಂದಿದ್ದ ತೌಫೀಕ್ ತನ್ನ ಕಿಸೆಯಲ್ಲಿದ್ದ ಬ್ಲೇಡು ಮುಟ್ಟಿ ನೋಡಿಕೊಂಡ.

“ಸಾಹೇಬ ಇಲ್ಲದ ಗಾಡಿ ಹ್ಯಾಂಗ ಮುಂದ ಹೋಗ್ತದೋ?” ಎಂದು ಸುಬೇದಾರರು ಸಂಗಮನಾಥನನ್ನೇ ಕೇಳಿದರು.

“ಡ್ರೈವರ್ ಇಲ್ಲದ ಹ್ಯಾಂಗ ಹೋಗ್ತಿತ್ತೋ ಹಂಗ ಹೋಗ್ತದ್ರಿ.”

ಅಂದುಬಿಟ್ಟ. ಇಪ್ಪತ್ತೆರಡು ವರ್ಷ ಹೌದ್ರಿ ಸಾಹೇಬ್ರ ಎಂದ ಬಾಯಿಗೆ ಈ ಧೈರ್ಯ ಎಲ್ಲಿಂದ ಬಂತೋ ಅವನಿಗೇ ತಿಳಿಯಲಿಲ್ಲ.  ಸುಬೇದಾರರು ಮೊಣಕಾಲು ಹಿಡಿದುಕೊಂಡು ಬಗ್ಗಿದರು, ಒಂದು ಕಣ್ಣು ಮುಚ್ಚಿ ಕ್ಯಾಬಿನ್ನಿನೊಳಗೆ ನೋಡಿದರು. ಬಹಳ ಹೊತ್ತು ನೋಡಿದರು. ಇನ್ನು ಗೊಂಬೆಯನ್ನು ಕಿತ್ತೇ ಎಸೆಯುತ್ತಾರೆ ಎಂದುಕೊಂಡ ಸಂಗಮನಾಥ.

“ಇದು ತಪ್ಪು ಅದ,” ಎಂದರು ಅವರು, ಬಗ್ಗಿದಲ್ಲಿಂದಲೇ. “ನೀ ಯಾವತ್ತು ಹಿಂಗ ನೆಟ್ಟಗ ಕುಂತಿದ್ದಿ? ತಿರುವು ಬಂದಾಗೆಲ್ಲ ನನ್ನ ಹೆಗಲ ಮ್ಯಾಲ ಬೀಳ್ತಿದ್ದಿ.”