ಅಲ್ಲಾಡಿಸದ ಬಟ್ಟಲು

ಕೊರೋನಾದಿಂದ ವಿಮಾನಗಳು ನಿಂತು, ಜಪಾನಿನ ತ್ಸುಕುಬಾದಲ್ಲಿ ಮಗಳ ಮನೆಯಲ್ಲೇ ಉಳಿದಿರುವ ಈ ದಿನಗಳಲ್ಲಿ, ಅವಳು ಏಲಕ್ಕಿ ಜಜ್ಜಿದಾಗಲೆಲ್ಲ ಅರಬರ ನಾಡಿನ ಒಂದು ಮಧ್ಯಾಹ್ನ ನನ್ನೆದುರು ಬಂದು ಕೂರುತ್ತದೆ.

ಅಪ್ಪ ಅಲ್ಲಿ ಬಂದರಿನಲ್ಲಿ ಗುಮಾಸ್ತರಾಗಿದ್ದರು. ಅಂದು ನನ್ನನ್ನು ಊರಿನ ಪುಟ್ಟ ಮ್ಯೂಸಿಯಮ್ಮಿಗೆ ಕರೆದೊಯ್ದರು. ಹಳೆಯ ಗೋರಿಯೊಂದರಲ್ಲಿ ಸಿಕ್ಕ, ಯಾವುದೋ ಹುಡುಗಿಯ ಸರದ ಮಣಿಗಳನ್ನು ತೆರೆದ ತಟ್ಟೆಯಲ್ಲಿ ಹರಡಿಟ್ಟಿದ್ದರು. ಯಾರೂ ನೋಡದಾಗ ಒಂದು ಕೆಂಪು ಮಣಿಯನ್ನು ಚಡ್ಡಿಯ ಜೇಬಿಗೆ ಹಾಕಿಕೊಂಡೆ. ಇದನ್ನು ಇದುವರೆಗೆ ಯಾರಿಗೂ ಹೇಳಿಲ್ಲ. ಮಣಿ ಬಾವಿಯ ನೀರಿನಂತೆ ತಣ್ಣಗಿತ್ತು.

ಮ್ಯೂಸಿಯಮ್ಮಿನ ಕಾವಲುಗಾರ ಬಿಡದೆ ನಮ್ಮನ್ನು ಕಾಫಿಗೆಂದು ಪಕ್ಕದ ತನ್ನ ಮನೆಗೆ ಕರೆದ. ಕಣ್ಣು ಕಾಣದ ಅವನ ತಾಯಿ ಖರ್ಜೂರ ಕೊಟ್ಟು, ಹಿಡಿಯಿಲ್ಲದ ಪುಟ್ಟ ಬಟ್ಟಲುಗಳಿಗೆ ಏಲಕ್ಕಿ ಕಾಫಿ ಬಗ್ಗಿಸಿದಳು.

“ಸಾಕಾದ್ರೆ ಬಟ್ಟಲು ಅಲ್ಲಾಡಿಸು ಮಾರಾಯ. ಇಲ್ಲದಿದ್ರೆ ಅಜ್ಜಿ ರಾತ್ರಿವರೆಗೂ ಬಗ್ಗಿಸ್ತಾರೆ,” ಎಂದು ಅಪ್ಪ ನಕ್ಕರು.

ನಾನು ಅಲ್ಲಾಡಿಸಿದೆ. ಮುದುಕಿ ನನ್ನ ಪಕ್ಕದ ಖಾಲಿ ಜಾಗದ ಮುಂದೆ ಇನ್ನೊಂದು ಬಟ್ಟಲಿಟ್ಟು ತುಂಬಿಸಿದಳು. ಸ್ವಲ್ಪ ಹೊತ್ತು ಬಿಟ್ಟು ಅದಕ್ಕೇ ಮತ್ತೆ ಬಗ್ಗಿಸಿದಳು. ಕಾಫಿ ತುಳುಕಲಿಲ್ಲ.

ಅಪ್ಪನ ನಗು ನಿಂತಿತು. ಆ ಬಟ್ಟಲನ್ನು ತಾವೇ ಎತ್ತಿ ಅಲ್ಲಾಡಿಸಿದರು. ಮುದುಕಿ ಅರಬ್ಬಿಯಲ್ಲಿ ಏನೋ ಅಂದಳು.

“ಏನಂತೆ ಅಪ್ಪಾ?”

“ನಾನಲ್ಲವಂತೆ. ನಿನ್ನ ಜೊತೆ ಬಂದ ಹುಡುಗಿಯೇ ಅಲ್ಲಾಡಿಸ್ಬೇಕಂತೆ. ಏಳು, ಹೋಗುವ.”

ಕಾವಲುಗಾರ ಎದುರಿಗೇ ನಿಂತಿದ್ದ. ಕೈ ಚಾಚಿ ಮಣಿ ಕೊಟ್ಟುಬಿಡಬಹುದಿತ್ತು. ಕೊಡದೆ, ಅಪ್ಪನ ಬೆರಳು ಹಿಡಿದು ಹೊರಟೆ.

ಬಾಗಿಲಲ್ಲಿ ಮುದುಕಿ ಒಬ್ಬೊಬ್ಬರಿಗೂ ಬೇರೆಬೇರೆಯಾಗಿ ಸಲಾಂ ಹೇಳಿದಳು, ಮೂರು ಸಲ.