ನಮ್ಮ ಬಾವಿಯ ಕರಡಿ

ಇದರಲ್ಲಿ ಎಷ್ಟು ನಡೆದದ್ದು, ಎಷ್ಟು ನಾನು ಸೇರಿಸಿಕೊಂಡದ್ದು ಎಂದು ನನಗೇ ಖಚಿತವಿಲ್ಲ. ಹಲಸಿನ ವಾಸನೆ ಬಂದರೆ ಮಾತ್ರ ಈಗಲೂ ಆ ಮಧ್ಯಾಹ್ನ ಕಣ್ಮುಂದೆ ನಿಲ್ಲುತ್ತದೆ.

ಕೂಟಗಲ್‌ನ ನಮ್ಮ ತೋಟಕ್ಕೆ ಹಲಸು ತಿನ್ನಲು ಬಂದ ಕರಡಿ ಬಾವಿಗೆ ಬಿದ್ದಿತ್ತು. ಅರಣ್ಯ ಇಲಾಖೆಯವರು ಮತ್ತಿನ ಚುಚ್ಚುಮದ್ದು ಕೊಟ್ಟು ಎತ್ತಿ ಒಯ್ದರು. ಮಿಸುಕದ ಕರಡಿಯನ್ನು ಕಂಡ ಅಜ್ಜಿ, “ಬಾವಿಗೆ ಕಟ್ಟೆ ಕಟ್ಟಿಸ್ದೆ ನಾನೇ ಕೊಂದ್ಬುಟ್ಟೆ” ಎಂದು ಸರಿಯಾಗಿ ಉಣ್ಣುವುದನ್ನೇ ಬಿಟ್ಟಳು. ಕೊನೆಗೆ ಅಪ್ಪ ನಮ್ಮಿಬ್ಬರನ್ನೂ ಮೃಗಾಲಯಕ್ಕೆ ಕರೆದೊಯ್ದ.

“ನಮ್ ಬಾವೀಲಿ ಬಿದ್ದಿದ್ದು ಬದುಕೈತೇನಪ್ಪಾ?” ಎಂದು ಅಜ್ಜಿ ಕಾವಲುಗಾರನನ್ನು ಕೇಳಿದಳು.

ಅವನು ಅವಳ ಮುಖವನ್ನೇ ನೋಡಿ, “ಅಗೋ, ಮೂಲೇಲಿ ಮಲಗೈತಲ್ಲ, ಅದೇ ಕಣಜ್ಜಿ. ತಿಂದೂ ತಿಂದೂ ಸೋಮಾರಿ ಆಗೈತೆ” ಎಂದ.

“ನನ್ ಮ್ಯಾಲೆ ಕ್ವಾಪ ಮಾಡ್ಕಬ್ಯಾಡ ಕಣಪ್ಪ” ಎಂದು ಅಜ್ಜಿ ಕರಡಿಗೆ ಹೇಳಿದಳು. ಆಮೇಲೆ ಮರದಡಿ ಬುತ್ತಿ ಬಿಚ್ಚಿ ಹೊಟ್ಟೆ ತುಂಬ ಉಂಡಳು.

ಎಷ್ಟೋ ವರ್ಷಗಳ ಮೇಲೆ ಇಲಾಖೆಯಲ್ಲಿ ವಿಚಾರಿಸಿ ಒಂದನ್ನು ಖಚಿತಪಡಿಸಿಕೊಂಡೆ: ನಮ್ಮ ಬಾವಿಯ ಕರಡಿಯನ್ನು ಯಾವ ಮೃಗಾಲಯಕ್ಕೂ ಒಯ್ದಿರಲಿಲ್ಲ, ಮರುದಿನವೇ ನಮ್ಮ ಬೆಟ್ಟಕ್ಕೆ ಬಿಟ್ಟಿದ್ದರು.